ಗುಂಡನಿಗೆ ಬೇರೆ ಮನೆ: ಪೂರ್ಣಾವಧಿ ಕೆಲಸ, ಹದಿಹರೆಯದ ನಾಯಿ, ಒಂದು ಪ್ರಕರಣ

ಸಾಕಿದ ನಾಯಿಯನ್ನು ಬೇರೆಯವರಿಗೆ ಕೊಡುವುದು ತಪ್ಪೇ ಎಂದು ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ತಪ್ಪು ಎಂದು ಹತ್ತಾರು ಜನ ಅವರಿಗೆ ಆಗಲೇ ಹೇಳಿಯಾಗಿರುತ್ತದೆ. ನಾಯಿಗಳ ವರ್ತನೆಯ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಕರಣದ ಮಹಿಳೆ ಬಂದಾಗಲೂ ಮಾತು ಅಲ್ಲಿಂದಲೇ ಶುರುವಾಯಿತು. ಸರಿ, ತಪ್ಪು ಆಮೇಲೆ ನೋಡೋಣ, ಮೊದಲು ಒಂದು ವಾರ ನಿಮ್ಮ ನಾಯಿ ಯಾವ ಹೊತ್ತಿನಲ್ಲಿ ಏನು ಮಾಡುತ್ತದೆ ಎಂದು ಗಂಟೆಗಂಟೆಗೂ ಬರೆದಿಡಿ, ನೀವು ಇಲ್ಲದ ಹೊತ್ತಿನದನ್ನು ಕ್ಯಾಮೆರಾ ಬರೆಯಲಿ ಎಂದೆ. ಮುಂದೆ ನಡೆದದ್ದೆಲ್ಲ ಆ ಪಟ್ಟಿಯ ಮೇಲೆಯೇ ನಿಂತಿದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ನಾಯಿಯ ಹೆಸರನ್ನೂ ಸೇರಿಸಿ.

ನಾಯಿ ಮತ್ತು ಮನೆ

ಗುಂಡನಿಗೆ ಆಗ 14 ತಿಂಗಳು. ತಾಯಿ ಬಾರ್ಡರ್ ಕಾಲಿ, ತಂದೆ ಯಾವ ತಳಿಯೆಂದು ಗೊತ್ತಿಲ್ಲ. ಹತ್ತು ವಾರದ ಮರಿಯಾಗಿದ್ದಾಗ ಈ ಮನೆಗೆ ಬಂದಿದ್ದ. ಆಗ ಒಡತಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವನಿಗೆ ಎಂಟು ತಿಂಗಳಾಗುವ ಹೊತ್ತಿಗೆ ಅವರ ಕೆಲಸ ಬದಲಾಯಿತು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮರಳುವುದು ಸಂಜೆ ಆರೂವರೆಗೆ. ಮನೆಯಲ್ಲಿ ಅವರ ತಾಯಿ ಇದ್ದಾರೆ. ವಯಸ್ಸಾದವರು, ಮಂಡಿ ನೋವು, ಊರುಗೋಲು ಹಿಡಿದೇ ಓಡಾಡುತ್ತಾರೆ.

ಬಾರ್ಡರ್ ಕಾಲಿಗಳು ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ಗಡಿಯ ಕುರಿ ಕಾಯುವ ನಾಯಿಗಳು. ದಿಟ್ಟಿಸುವುದು, ಮೈ ತಗ್ಗಿಸಿ ಹೊಂಚುವುದು, ಅಟ್ಟಿಸಿಕೊಂಡು ಹೋಗುವುದು, ಹಿಡಿಯುವುದು ಎಂಬ ಬೇಟೆಯ ಸರಣಿಯಲ್ಲಿ ಮೊದಲಿನ ಮೂರನ್ನು ಬಲಪಡಿಸಿ, ಕೊನೆಯದನ್ನು ಕುಗ್ಗಿಸಿ ಮನುಷ್ಯರು ಈ ತಳಿಯನ್ನು ರೂಪಿಸಿಕೊಂಡರು. ಕುರಿ ಇಲ್ಲದ ಮನೆಯಲ್ಲಿ ಚಲಿಸುವುದೆಲ್ಲ ಕುರಿಯೇ. ಗುಂಡನ ಪಾಲಿಗೆ ಅದು ಅಜ್ಜಿಯ ಊರುಗೋಲು. ಅವರು ಕೋಣೆಯಿಂದ ಹೊರಬಂದರೆ ಎದುರಿಗೆ ಹೋಗಿ ಅಡ್ಡ ನಿಲ್ಲುತ್ತಿದ್ದ. ದಾಟಿ ಹೋದರೆ ಹಿಂದಿನಿಂದ ಬಂದು ಹಿಮ್ಮಡಿಗೆ ಬಾಯಿ ಹಾಕುತ್ತಿದ್ದ. ಹಲ್ಲು ತಾಗುತ್ತಿತ್ತು, ಚರ್ಮ ಹರಿದಿರಲಿಲ್ಲ. ಪಶುವೈದ್ಯ ಇಯಾನ್ ಡನ್ಬಾರ್ ರೂಪಿಸಿದ ಆರು ಹಂತಗಳ ಕಡಿತದ ಅಳತೆಪಟ್ಟಿಯಲ್ಲಿ ಇದು ಎರಡನೆಯ ಹಂತ. ತಜ್ಞರ ಲೆಕ್ಕದಲ್ಲಿ ಇದು ಸಣ್ಣದು. ಊರುಗೋಲಿನ ಮೇಲೆ ಭಾರ ಬಿಟ್ಟು ನಡೆಯುವವರಿಗೆ ಸಣ್ಣದಲ್ಲ.

ಹೀಗಾಗಿ ಮಗಳು ಕೆಲಸಕ್ಕೆ ಹೋಗುವಾಗ ಗುಂಡನನ್ನು ಒಂದು ಕೋಣೆಯಲ್ಲಿ ಕೂಡಿ ಬಾಗಿಲು ಹಾಕುವುದು ರೂಢಿಯಾಗಿತ್ತು. ಅವನು ಬಾಗಿಲಿನ ಚೌಕಟ್ಟು ಕಡಿದಿದ್ದ, ಹಾಸಿಗೆ ಹರಿದಿದ್ದ, ಅಕ್ಕಪಕ್ಕದವರು ಬೊಗಳಾಟದ ಬಗ್ಗೆ ದೂರು ಕೊಟ್ಟಿದ್ದರು. ‘ನನ್ನನ್ನು ಬಿಟ್ಟಿರಲು ಅವನಿಗೆ ಆಗುವುದಿಲ್ಲ’ ಎಂದು ಒಡತಿ ನಂಬಿದ್ದರು. ಅವರ ಅಪರಾಧಿ ಭಾವದ ಬಹುಪಾಲು ಈ ನಂಬಿಕೆಯಿಂದಲೇ ಬಂದದ್ದು.

ಕ್ಯಾಮೆರಾ ಹೇಳಿದ್ದು ಬೇರೆ. ಒಡೆಯರ ಅಗಲಿಕೆಯನ್ನು ತಾಳಲಾರದ ನಾಯಿಗಳು ಸಾಮಾನ್ಯವಾಗಿ ಅವರು ಹೊರಟ ಮೊದಲ ಅರ್ಧ ಗಂಟೆಯೊಳಗೇ ಕಂಗೆಡುತ್ತವೆ. ಜೊಲ್ಲು ಸುರಿಸುತ್ತವೆ, ಊಳಿಡುತ್ತವೆ, ಹೊರಬಾಗಿಲನ್ನು ಕೆರೆಯುತ್ತವೆ, ಇಟ್ಟ ತಿನಿಸನ್ನು ಮೂಸಿಯೂ ನೋಡುವುದಿಲ್ಲ. ಗುಂಡ ಒಡತಿ ಹೋದ ಕೂಡಲೇ ಇಟ್ಟದ್ದನ್ನು ತಿಂದು ಕಾಲು ಚಾಚಿ ಮಲಗುತ್ತಿದ್ದ. ಗಡದ್ದಾಗಿ ಎರಡು ಮೂರು ಗಂಟೆ ನಿದ್ದೆ. ಆಮೇಲೆ, ನಡುಹಗಲಿಗೆ ಮುಂಚೆ, ಹೊರಗೆ ಊರುಗೋಲು ಟಕ್ ಟಕ್ ಎಂದರೆ ಥಟ್ಟನೆ ಎದ್ದು ಬಾಗಿಲಿಗೆ ಹಾರುತ್ತಿದ್ದ. ಬೊಗಳುತ್ತಿದ್ದದ್ದು ಆ ಸದ್ದಿಗೆ. ಕಡಿದದ್ದು ಕೂಡ ಸದ್ದು ಬರುವ ಬದಿಯ ಚೌಕಟ್ಟನ್ನೇ. ಮಧ್ಯಾಹ್ನದ ನಂತರ ಸದ್ದು ಇಲ್ಲದಿದ್ದರೂ ಬಾಗಿಲ ಸಂದಿಗೆ ಮೂಗು ಇಟ್ಟು ಕಾಯುತ್ತ ಕೂರುತ್ತಿದ್ದ. ಅಂದರೆ ಇದು ವಿರಹವಲ್ಲ. ಕೆಲಸ ಬಾಗಿಲಾಚೆ ನಡೆಯುತ್ತಿದೆ, ತನ್ನನ್ನು ಮಾತ್ರ ಒಳಗೆ ಕೂಡಿದ್ದಾರೆ ಎಂಬ ಹತಾಶೆ. ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಾಗಿದ್ದರೆ ಹೊಸ ಮನೆಗೂ ಕಾಯಿಲೆ ಜೊತೆಯಲ್ಲೇ ಹೋಗುತ್ತಿತ್ತು. ಎರಡನೆಯದು ಬಹುಮಟ್ಟಿಗೆ ಈ ಮನೆಯ ಈ ದಿನಚರಿಗೆ ಅಂಟಿಕೊಂಡದ್ದು. ಹಗಲಿನ ಚಿತ್ರೀಕರಣ ನೋಡದೆ ನಾಯಿ ಕೊಡುವ ನಿರ್ಧಾರ ಮಾಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಚೆಂಡಿನ ಸಮಸ್ಯೆ

ಬಂದವರಿಗೆಲ್ಲ ಸಿಗುವ ಉಚಿತ ಸಲಹೆ ಒಂದೇ: ಇನ್ನಷ್ಟು ಓಡಿಸಿ, ಸುಸ್ತಾದರೆ ಸುಮ್ಮನಾಗುತ್ತದೆ. ಒಡತಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಕತ್ತಲಿರುವಾಗಲೇ ಎದ್ದು ಮುಕ್ಕಾಲು ಗಂಟೆ ಚೆಂಡು ಎಸೆತ, ಸಂಜೆ ಮತ್ತೆ ಅಷ್ಟೇ. ಆರು ತಿಂಗಳಲ್ಲಿ ಅವರು ಸೊರಗಿದ್ದರು, ನಾಯಿ ಕ್ರೀಡಾಪಟುವಾಗಿತ್ತು. ನಿತ್ಯ ಓಡುವ ಯಾವುದೇ ದೇಹಕ್ಕೆ ಓಟದ ಸಾಮರ್ಥ್ಯ ಬೆಳೆಯುತ್ತದೆ, ಇದರಲ್ಲಿ ಆಶ್ಚರ್ಯವಿಲ್ಲ. ಅದಕ್ಕಿಂತ ಹೆಚ್ಚಿನ ತೊಂದರೆ, ಚೆಂಡಿನ ಹಿಂದೆ ಮತ್ತೆ ಮತ್ತೆ ಓಡುವುದು ಅಟ್ಟಿಸಿಕೊಂಡು ಹೋಗುವ ಆ ಹುಟ್ಟುಗುಣಕ್ಕೇ ದಿನಕ್ಕೆರಡು ಹೊತ್ತು ತಾಲೀಮು ಕೊಟ್ಟಂತೆ. ಗುಂಡ ಮನೆಗೆ ಬಂದ ಮೇಲೂ ಗಂಟೆಗಟ್ಟಲೆ ಏದುಸಿರು ಬಿಡುತ್ತ, ಕಣ್ಣರಳಿಸಿಕೊಂಡು, ಮುಂದಿನದೇನು ಎಂದು ಕಾಯುತ್ತಿದ್ದ. ಸುಸ್ತು ಬೇರೆ, ನೆಮ್ಮದಿ ಬೇರೆ.

ಇದಕ್ಕೆ ವಯಸ್ಸೂ ಸೇರಿಕೊಂಡಿತ್ತು. ಬ್ರಿಟನ್ನಿನ ವಿಜ್ಞಾನಿಗಳು 2020ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಐದು ತಿಂಗಳಲ್ಲಿ ‘ಕೂತುಕೋ’ ಎಂದರೆ ಕೂರುತ್ತಿದ್ದ ನಾಯಿಗಳು ಎಂಟು ತಿಂಗಳಲ್ಲಿ ಸಾಕಿದವರ ಅದೇ ಮಾತನ್ನು ಕಡೆಗಣಿಸಿದ್ದು ಕಂಡುಬಂತು. ಅಪರಿಚಿತರು ಹೇಳಿದರೆ ಕೇಳುತ್ತಿದ್ದವು! ಕೆಲ ತಿಂಗಳುಗಳ ನಂತರ ಈ ಹಟಮಾರಿತನ ಇಳಿಯಿತು. ಒಡತಿಗೆ ಇದನ್ನು ಹೇಳಿದಾಗ ಅವರು ನಕ್ಕರು, ನಮ್ಮ ಭೇಟಿಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಆದರೆ ಹದಿಹರೆಯ ಕಳೆಯುತ್ತದೆ ಎಂಬುದು ಅರ್ಧ ಸಮಾಧಾನ. ಮಾತು ಕೇಳದಿರುವುದು ಕಡಿಮೆಯಾಗುತ್ತದೆ. ಕುರಿ ಕಾಯುವ ಚಪಲ ಇಳಿಯುವುದಿಲ್ಲ. ಒಡತಿ ಹೊರಗಿರುವ ದಿನದ ಹತ್ತೂವರೆ ಗಂಟೆಯೂ ಕಡಿಮೆಯಾಗುವುದಿಲ್ಲ.

ಉಳಿಸಿಕೊಳ್ಳುವ ಪ್ರಯತ್ನ

ಒಂದೂವರೆ ತಿಂಗಳು ಒಂದು ಯೋಜನೆ ಹಾಕಿಕೊಂಡೆವು. ಚೆಂಡು ಪೂರ್ತಿ ನಿಂತಿತು. ಬೆಳಗಿನ ನಡಿಗೆ ಉದ್ದನೆಯ ಹಗ್ಗದಲ್ಲಿ, ನಿಧಾನವಾಗಿ, ನಾಯಿ ಮೂಸಿದಷ್ಟು ಹೊತ್ತು ನಿಂತು. ಊಟ ಬಟ್ಟಲಿನಲ್ಲಿಲ್ಲ. ಅರ್ಧ ಹುಲ್ಲಿನಲ್ಲಿ ಚೆಲ್ಲಿದ್ದನ್ನು ಹುಡುಕಿ ತಿನ್ನುವುದು, ಇನ್ನರ್ಧ ಟೊಳ್ಳು ರಬ್ಬರ್ ಆಟಿಕೆಯಲ್ಲಿ ತುಂಬಿ ಗಟ್ಟಿಗೊಳಿಸಿದ್ದನ್ನು ನೆಕ್ಕಿ ನೆಕ್ಕಿ ಬಿಡಿಸಿಕೊಳ್ಳುವುದು. ನಡುಹಗಲಿನಲ್ಲಿ ಸಂಬಳಕ್ಕೆ ಒಬ್ಬರು ಬಂದು ಹೊರಗೆ ಕರೆದೊಯ್ಯುತ್ತಿದ್ದರು. ಮುಚ್ಚಿದ ಬಾಗಿಲಿನ ಬದಲು ಆಚೆ ಕಾಣುವಂಥ ಗೇಟು ಹಾಕಿಸಿ, ಊರುಗೋಲಿನ ಸದ್ದು ಬಂದಾಗಲೆಲ್ಲ ಚಾಪೆಗೆ ಹೋಗಿ ಮಲಗಿದರೆ ತಿನಿಸು ಸಿಗುತ್ತದೆ ಎಂದು ಕಲಿಸಿದೆವು.

ಫಲ ಸಿಕ್ಕಿತು. ಬೊಗಳುವುದು ಅರ್ಧಕ್ಕಿಂತ ಕೆಳಗಿಳಿಯಿತು, ಚೌಕಟ್ಟು ಕಡಿಯುವುದು ನಿಂತೇಹೋಯಿತು. ಇದು ಉಪಕಥೆಯಲ್ಲ: ಗುಂಡ ಕಲಿಯಬಲ್ಲ ನಾಯಿ, ಕೆಟ್ಟ ನಾಯಿಯಲ್ಲ ಎಂಬುದಕ್ಕೆ ಮುಂದೆ ಹೊಸ ಮನೆಯವರಿಗೆ ತೋರಿಸಲು ನಮ್ಮ ಕೈಯಲ್ಲಿದ್ದ ಪುರಾವೆ ಇದೊಂದೇ.

ಆದರೆ ಚಾಪೆಯ ಪಾಠ ಮಗಳು ಮನೆಯಲ್ಲಿದ್ದಾಗ ಮಾತ್ರ ನಡೆಯುತ್ತಿತ್ತು. ತಿನಿಸು ಕೊಡಲು ಅಜ್ಜಿ ಬಾಗಬೇಕು, ಅವರಿಂದ ಬಾಗಲಾಗದು. ಒಂದು ಸಂಜೆ ಗೇಟಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ, ಗುಂಡ ಹೊರಬಂದು ಎಂದಿನಂತೆ ಅಡ್ಡ ನಿಂತ, ಅಜ್ಜಿ ಎಡವಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ. ಅವತ್ತಿನಿಂದ ಅವರು ಮಗಳು ಬರುವವರೆಗೆ ಕೋಣೆಯಿಂದ ಹೊರಬರುವುದನ್ನೇ ಬಿಟ್ಟರು. ನೀರಿಗೂ ಬರುತ್ತಿರಲಿಲ್ಲ ಎಂಬುದು ನಮಗೆ ಗೊತ್ತಾದದ್ದು ಕ್ಯಾಮೆರಾದಿಂದ.

ಇಂಥ ಹಂತದಲ್ಲಿ ನಾನು ನೋಡುವುದು ಯೋಜನೆ ಯಾರ ಹೆಗಲ ಮೇಲೆ ನಿಂತಿದೆ ಎಂಬುದನ್ನು. ನಾಯಿ ಬೇಕೆಂದು ಎಂದೂ ಕೇಳದ ಒಬ್ಬ ಹಿರಿಯರು ದಿನವಿಡೀ ಕೋಣೆಯಲ್ಲಿ ಕೂತರೆ ಮಾತ್ರ ನಡೆಯುವ ಯೋಜನೆ ಎಷ್ಟೇ ಚೆನ್ನಾಗಿ ಕಂಡರೂ ಮುರಿದದ್ದೇ. ಒಡತಿಗೆ ಜ್ವರ ಬಂದರೆ, ನಡುಹಗಲಿನವರು ಒಂದು ವಾರ ರಜೆ ಹಾಕಿದರೆ ಏನು ಎಂಬ ಪ್ರಶ್ನೆಗೂ ಉತ್ತರವಿರಲಿಲ್ಲ. ಕೆಲಸ ಬಿಡುವ ಮಾತು ಅವರೇ ಎತ್ತಿದರು, ಅದನ್ನು ನಾನು ಮುಂದುವರಿಯಗೊಡಲಿಲ್ಲ. ಆ ಸಂಬಳದಿಂದಲೇ ತಾಯಿಯ ಔಷಧಿಯೂ ನಾಯಿಯ ಔಷಧಿಯೂ ಬರುತ್ತಿದ್ದದ್ದು. ಹೊಸ ಮನೆ ಹುಡುಕುವುದೆಂದು ತೀರ್ಮಾನವಾಯಿತು. ಗುಂಡನಿಗೆ ಆಗ ಹದಿನಾರು ತಿಂಗಳು. ಚರ್ಮ ಹರಿಯುವಂಥ ಒಂದು ಕಡಿತವಾಗುವವರೆಗೆ ಕಾದಿದ್ದರೆ ಅವನನ್ನು ತೆಗೆದುಕೊಳ್ಳುವವರೇ ಸಿಗುತ್ತಿರಲಿಲ್ಲ ಎಂಬುದು ನನ್ನ ಅನುಭವದ ಮಾತು. ನಾಯಿ ಇನ್ನೂ ಕೊಡುವಂತಿರುವಾಗಲೇ ಕೊಡಬೇಕು.

ಬರೆದ ಪರಿಚಯ

ಒಡತಿ ಬರೆದುಕೊಂಡು ಬಂದ ಮೊದಲ ಕರಡು ಹೀಗಿತ್ತು: ‘ತುಂಬಾ ಪ್ರೀತಿಯ, ಚುರುಕಾದ, ಬುದ್ಧಿವಂತ ನಾಯಿ. ಅನಿವಾರ್ಯ ಕಾರಣದಿಂದ ಕೊಡುತ್ತಿದ್ದೇವೆ. ದೊಡ್ಡ ಅಂಗಳವಿರುವ ಮನೆ ಬೇಕು.’ ಪ್ರತಿ ಮಾತೂ ನಿಜ, ಒಟ್ಟಾರೆ ಸುಳ್ಳು. ಇದನ್ನು ಓದಿದವರ ಕಣ್ಣ ಮುಂದೆ ಬರುವ ನಾಯಿ ಗುಂಡನಲ್ಲ.

ಕೊನೆಗೆ ಹೊರಬಿದ್ದ ಬರಹ ಸುಮಾರು ಒಂದು ಪುಟ. ಅದರ ಮುಖ್ಯ ಭಾಗ ಇಲ್ಲಿದೆ:

‘ಗುಂಡ, ಹದಿನಾರು ತಿಂಗಳ ಗಂಡು, ಬಾರ್ಡರ್ ಕಾಲಿ ಮಿಶ್ರ ತಳಿ, ಸಂತಾನಹರಣ ಚಿಕಿತ್ಸೆ ಆಗಿದೆ, ಲಸಿಕೆಗಳು ಆಗಿವೆ. ಚಲಿಸುವ ಕಾಲುಗಳ ಹಿಂದೆ ಹೋಗಿ ಹಿಮ್ಮಡಿಗೆ ಬಾಯಿ ಹಾಕುತ್ತಾನೆ. ಇದುವರೆಗೆ ಗಾಯ ಮಾಡಿಲ್ಲ. ಸೈಕಲ್ ಕಂಡರೆ ಹಗ್ಗ ಜಗ್ಗಿ ಬೊಗಳುತ್ತಾನೆ. ಒಬ್ಬನೇ ನಾಲ್ಕು ಗಂಟೆ ನೆಮ್ಮದಿಯಿಂದ ಇರುತ್ತಾನೆ, ಅದಕ್ಕಿಂತ ಹೆಚ್ಚು ಬೇಡ. ಚಿಕ್ಕ ಮಕ್ಕಳಿರುವ, ನಡೆಯಲು ಕಷ್ಟಪಡುವವರಿರುವ ಮನೆಗೆ ಹೊಂದುವುದಿಲ್ಲ. ಮೂಗಿನಿಂದ ಹುಡುಕುವ ಕೆಲಸ ಕೊಟ್ಟರೆ ಎಲ್ಲವನ್ನೂ ಮರೆಯುತ್ತಾನೆ. ನಾನು ದಿನಕ್ಕೆ ಹತ್ತೂವರೆ ಗಂಟೆ ಹೊರಗಿರುತ್ತೇನೆ, ನನ್ನ ತಾಯಿ ಊರುಗೋಲಿನವರು, ಕೊಡುತ್ತಿರುವುದು ಈ ಕಾರಣಕ್ಕೆ.’

ಜೊತೆಗೆ ಎರಡು ವಿಡಿಯೊ. ಒಂದರಲ್ಲಿ ಹುಲ್ಲಿನಲ್ಲಿ ಊಟ ಹುಡುಕುತ್ತಿದ್ದಾನೆ. ಇನ್ನೊಂದರಲ್ಲಿ ಸೈಕಲ್ ನೋಡಿ ಕುಣಿಯುತ್ತಿದ್ದಾನೆ. ಎರಡನೆಯದನ್ನು ಹಾಕಲು ಒಡತಿ ಮೊದಲು ಒಪ್ಪಲಿಲ್ಲ, ‘ಇದನ್ನು ನೋಡಿದರೆ ಯಾರು ಬರುತ್ತಾರೆ?’ ಎಂದರು. ಬರಬಾರದವರು ಬರುವುದಿಲ್ಲ, ಅದೇ ಬೇಕಾದದ್ದು ಎಂದೆ. ಕಡಿತದ ವಿಷಯ ಮುಚ್ಚಿಟ್ಟು ಕೊಟ್ಟ ನಾಯಿಗಳು ವಾರದೊಳಗೆ ವಾಪಸು ಬಂದದ್ದನ್ನೂ, ವಾಪಸು ಬರುವ ದಾರಿಯೇ ಇಲ್ಲದೆ ಬೀದಿಗೆ ಬಿದ್ದದ್ದನ್ನೂ ನಾನು ನೋಡಿದ್ದೇನೆ. ‘ಯಾರಿಗಾದರೂ ಪುಕ್ಕಟೆ’ ಎಂಬ ಸಾಲನ್ನೂ ತೆಗೆಸಿದೆ. ಆ ಸಾಲು ಮಾತ್ರ ಓದಿ ಬರುವವರಿದ್ದಾರೆ.

ಬಂದವರು

ಕೇಳಿಕೊಂಡು ಬಂದವರಲ್ಲಿ ಮೂರು ಮನೆಗಳು ಗಂಭೀರವಾಗಿದ್ದವು.

ಮೊದಲನೆಯದು ವಿಶಾಲ ಅಂಗಳದ ಮನೆ. ಒಡತಿಗೆ ನೋಡಿದ ಕೂಡಲೇ ಮನಸ್ಸಾಯಿತು. ಗಂಡ ಹೆಂಡತಿ ಇಬ್ಬರೂ ಹಗಲಿಡೀ ಹೊರಗೆ, ನಾಲ್ಕು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ಅಂಗಳದ ಬಗ್ಗೆ ಜನರಿಗಿರುವ ಭಕ್ತಿ ನನಗೆ ಎಂದೂ ಅರ್ಥವಾಗಿಲ್ಲ. ಒಂಟಿಯಾಗಿ ಅಂಗಳಕ್ಕೆ ಬಿಟ್ಟ ನಾಯಿ ಸುತ್ತು ಹಾಕಿ ವ್ಯಾಯಾಮ ಮಾಡುವುದಿಲ್ಲ. ಗೇಟಿನ ಬಳಿ ನಿಂತು ದಾರಿಹೋಕರಿಗೆ ಬೊಗಳುತ್ತದೆ. ಇಲ್ಲಿ ಓಡಾಡುವ ಎರಡು ಜೊತೆ ಪುಟ್ಟ ಕಾಲುಗಳೂ ಇದ್ದವು. ಪರಿಚಯದಲ್ಲಿ ಮಕ್ಕಳ ಬಗ್ಗೆ ಬರೆದಿತ್ತಲ್ಲ ಎಂದು ಕೇಳಿದಾಗ ‘ನಮ್ಮ ಮಕ್ಕಳು ಹೊಂದಿಕೊಳ್ಳುತ್ತಾರೆ’ ಎಂದರು. ಮಾತು ಅಲ್ಲಿಗೇ ಮುಗಿಯಿತು.

ಎರಡನೆಯವರು ದೂರ ಓಟದ ಹವ್ಯಾಸವಿರುವ ಒಬ್ಬ ಯುವಕ. ಒಳ್ಳೆಯ ಮನಸ್ಸು, ಗುಂಡನೂ ಅವರನ್ನು ಮೆಚ್ಚಿದ. ಆದರೆ ಒಂಟಿ ಜೀವನ, ಒಡತಿಯದೇ ಕೆಲಸದ ಅವಧಿ. ಅದೇ ಸಮಸ್ಯೆಯನ್ನು ಇನ್ನೊಂದು ವಿಳಾಸಕ್ಕೆ ಕಳುಹಿಸಿದಂತಾಗುತ್ತಿತ್ತು.

ಮೂರನೆಯವರು ನಡುವಯಸ್ಸಿನ ದಂಪತಿ. ಹೆಂಡತಿಗೆ ಮನೆಯಿಂದಲೇ ಕೆಲಸ, ಗಂಡನಿಗೆ ಹೊರಗೆ. ಮನೆಯಲ್ಲಿ ಒಂಬತ್ತು ವರ್ಷದ ಹೆಣ್ಣು ನಾಯಿಯಿತ್ತು. ಹಿಂದೆ ಕುರಿ ಕಾಯುವ ತಳಿಯ ಇನ್ನೊಂದು ನಾಯಿಯನ್ನು ಅದರ ಮುಪ್ಪಿನವರೆಗೂ ಸಾಕಿದ್ದರು, ಅದಕ್ಕೆ ವಾಸನೆ ಹಿಡಿದು ವಸ್ತು ಹುಡುಕುವ ಆಟ ಕಲಿಸಿದ್ದರು. ಮನೆ ಒಡತಿಯ ಮನೆಗಿಂತಲೂ ಚಿಕ್ಕದು, ಬಹುಮಹಡಿ ಕಟ್ಟಡದಲ್ಲಿ, ಅಂಗಳ ಇಲ್ಲವೇ ಇಲ್ಲ. ಒಡತಿಯ ಮುಖ ಸಪ್ಪಗಾಯಿತು.

ನಾನು ಮೂವರನ್ನೂ ಒಂದೇ ಪ್ರಶ್ನೆ ಕೇಳಿದ್ದೆ: ನಾಲ್ಕನೆಯ ತಿಂಗಳಲ್ಲಿ ನಿಮ್ಮ ಮನೆಗೆ ಬಂದ ಅತಿಥಿಯ ಹಿಮ್ಮಡಿಗೆ ಗುಂಡ ಬಾಯಿ ಹಾಕಿದರೆ ಏನು ಮಾಡುತ್ತೀರಿ? ಅಂಗಳದ ಮನೆಯವರು ಹಾಗಾಗುವುದೇ ಇಲ್ಲ ಎಂದರು. ಯುವಕ ಗದರಿಸುತ್ತೇನೆ ಎಂದರು. ಈ ಹೆಂಗಸು ಸ್ವಲ್ಪ ಯೋಚಿಸಿ, ‘ಅಷ್ಟು ದಿನ ಕಾಯುವುದಿಲ್ಲ, ಮೊದಲ ಅತಿಥಿ ಬರುವಾಗಲೇ ಅವನನ್ನು ಹಗ್ಗದಲ್ಲಿ ಹಿಡಿದುಕೊಂಡಿರುತ್ತೇನೆ. ಆದರೂ ಆಯಿತೆಂದರೆ ನಿಮಗೆ ಫೋನ್ ಮಾಡುತ್ತೇನೆ’ ಎಂದರು. ನಂತರ ಅವರೇ ತಿರುಗಿ ನಮ್ಮನ್ನು ಕೇಳಿದರು: ಅವನು ಹಗಲು ಎಲ್ಲಿ ಮಲಗುತ್ತಾನೆ, ಮಲಗಿದ್ದಾಗ ಮುಟ್ಟಿದರೆ ಏನು ಮಾಡುತ್ತಾನೆ, ಬೇರೆ ನಾಯಿ ಊಟದ ಹತ್ತಿರ ಬಂದರೆ ಹೇಗಿರುತ್ತಾನೆ. ಒಡತಿಯ ಅನುಮಾನ ಕರಗಿದ್ದು ನನ್ನ ವಾದದಿಂದಲ್ಲ, ಈ ಪ್ರಶ್ನೆಗಳಿಂದ.

ಹಸ್ತಾಂತರ

ಎರಡೂ ನಾಯಿಗಳನ್ನು ಮೊದಲು ಭೇಟಿ ಮಾಡಿಸಿದ್ದು ಇಬ್ಬರದೂ ಅಲ್ಲದ ಜಾಗದಲ್ಲಿ. ಎದುರುಬದುರು ನಿಲ್ಲಿಸದೆ, ನಡುವೆ ಅಂತರವಿಟ್ಟು ಒಂದೇ ದಿಕ್ಕಿಗೆ ನಡೆಸಿ, ಅಂತರವನ್ನು ಮೆಲ್ಲಗೆ ಕಡಿಮೆ ಮಾಡಿದೆವು. ಹಿರಿಯ ನಾಯಿ ಒಮ್ಮೆ ಹಲ್ಲು ತೋರಿಸಿತು, ಗುಂಡ ಮುಖ ತಿರುಗಿಸಿದ. ಅಷ್ಟು ಸಭ್ಯತೆ ಸಾಕಿತ್ತು.

ಕಾಗದದ ಮೇಲೆ ಬರೆದು ಸಹಿ ಹಾಕಿದ್ದು: ಮೂರು ವಾರ ಪರೀಕ್ಷಾವಧಿ, ಅಲ್ಲಿಯವರೆಗೆ ವೈದ್ಯಕೀಯ ಖರ್ಚು ಒಡತಿಯದು. ಯಾವಾಗಲಾದರೂ ಇಟ್ಟುಕೊಳ್ಳಲಾಗದಿದ್ದರೆ ಗುಂಡ ಮೂರನೆಯವರ ಕೈಗೆ ಹೋಗದೆ ಒಡತಿಗೇ ವಾಪಸಾಗಬೇಕು. ಗುರುತಿಗೆಂದು ಚರ್ಮದಡಿ ಕೂರಿಸಿರುವ ಮೈಕ್ರೋಚಿಪ್ಪಿನ ಹದಿನೈದು ಅಂಕಿಗಳ ಸಂಖ್ಯೆಯನ್ನೂ ಅದರಲ್ಲೇ ಬರೆದುಕೊಂಡೆವು. ಚಿಪ್ಪಿನಲ್ಲಿರುವುದು ಆ ಸಂಖ್ಯೆ ಮಾತ್ರ. ಯಜಮಾನರ ಹೆಸರು, ಫೋನು ಎಲ್ಲವೂ ನೋಂದಣಿಯಲ್ಲಿರುತ್ತವೆ, ಅದನ್ನು ಬದಲಿಸಲು ಮರೆತರೆ ಕಳೆದುಹೋದ ನಾಯಿ ಹಳೆಯ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಗುಂಡನ ಜೊತೆಗೆ ಹೋದದ್ದು ಲಸಿಕೆ ಪುಸ್ತಕ, ಎರಡು ವಾರಕ್ಕಾಗುವಷ್ಟು ಅದೇ ಆಹಾರ, ಒಗೆಯದ ಹಾಸು, ಆ ಚಾಪೆ, ಒಡತಿ ಬಳಸುತ್ತಿದ್ದ ಮಾತು ಮತ್ತು ಕೈಸನ್ನೆಗಳ ಪಟ್ಟಿ. ‘ಬಾ’ ಎಂಬ ಮಾತು ಆರು ತಿಂಗಳ ಕೂಗಾಟದಲ್ಲಿ ಸವೆದು ಹೋಗಿತ್ತು, ಹೊಸ ಮನೆಯವರು ಕರೆಯಲು ಬೇರೆ ಮಾತು ಆರಿಸಿಕೊಳ್ಳಲಿ ಎಂದು ಬರೆದೆವು. ಮೊದಲ ವಾರಗಳಲ್ಲಿ ಹೊರಗೆ ಹೋಗುವಾಗ ಎದೆಪಟ್ಟಿಗೊಂದು, ಕೊರಳಪಟ್ಟಿಗೊಂದು ಹೀಗೆ ಎರಡು ಹಗ್ಗ ಕಡ್ಡಾಯ. ಮನೆ ಬದಲಾದ ನಾಯಿಗಳು ತಪ್ಪಿಸಿಕೊಂಡು ಓಡುವುದು ಹೆಚ್ಚಾಗಿ ಆ ದಿನಗಳಲ್ಲೇ.

ಪರೀಕ್ಷಾವಧಿಯಲ್ಲಿ ಭೇಟಿ ಬೇಡ, ಫೋಟೊ ಸಾಕು ಎಂದು ಒಡತಿಗೆ ಹೇಳಿದ್ದೆ. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾದ ಶರತ್ತು.

ಆಮೇಲೆ

ಮೊದಲ ಎರಡು ದಿನ ಗುಂಡ ಸರಿಯಾಗಿ ತಿನ್ನಲಿಲ್ಲ, ಹೊಟ್ಟೆ ಕೆಟ್ಟಿತು, ಬಾಗಿಲ ಬಳಿಯೇ ಮಲಗಿದ. ಮೂರನೆಯ ದಿನ ಹೊಸ ಯಜಮಾನಿಯ ಮೇಜಿನ ಕೆಳಗೆ ಬಂದ. ವಾರ ಕಳೆಯುವಷ್ಟರಲ್ಲಿ ‘ಎಷ್ಟು ಸಾಧು ನಾಯಿ’ ಎಂಬ ಸಂದೇಶ ಬಂತು. ಹೊಸ ಜಾಗದಲ್ಲಿ ಬಾಲ ಮುದುರಿಕೊಂಡಿರುವ ನಾಯಿಯ ಸಾಧುತನವನ್ನು ನಂಬಬೇಡಿ, ನಿಜ ಸ್ವಭಾವ ಕಾಣಲು ವಾರಗಳೇ ಬೇಕು ಎಂದು ಉತ್ತರಿಸಿದೆ. ಹತ್ತನೆಯ ದಿನ ಗಂಡ ಕಸ ಗುಡಿಸುವಾಗ ಗುಂಡ ಪೊರಕೆಗೂ ಹಿಮ್ಮಡಿಗೂ ಒಟ್ಟಿಗೆ ಬಾಯಿ ಹಾಕಿದ. ಅವರು ಗಾಬರಿಯಾಗಲಿಲ್ಲ, ಪರಿಚಯದಲ್ಲಿ ಓದಿದ್ದದ್ದೇ ನಡೆದಿತ್ತು. ಚಾಪೆ ಹಾಸಿದರು, ಗುಡಿಸುವ ಹೊತ್ತಿಗೆ ರಬ್ಬರ್ ಆಟಿಕೆ ಕೊಟ್ಟರು. ಮೂರು ವಾರದ ಕೊನೆಗೆ ಚಿಪ್ಪಿನ ನೋಂದಣಿ ಅವರ ಹೆಸರಿಗಾಯಿತು.

ಒಡತಿಯ ಕಡೆ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಮೊದಲ ವಾರ ಹಗುರವೆನಿಸಿತಂತೆ, ಹಾಗೆನಿಸಿದ್ದಕ್ಕೇ ಮತ್ತೆ ನಾಚಿಕೆಯಾಯಿತಂತೆ. ದುಃಖ ಬಂದದ್ದು ನೋಂದಣಿ ಬದಲಾದ ಮೇಲೆ. ಸಾವಿನ ದುಃಖಕ್ಕಾದರೆ ನಾಲ್ಕು ಜನ ಬಂದು ಕೂರುತ್ತಾರೆ, ಇದಕ್ಕೆ ಯಾರೂ ಬರುವುದಿಲ್ಲ. ಬಂದವರು ‘ಮಗುವಾಗಿದ್ದರೆ ಕೊಡುತ್ತಿದ್ದೆಯಾ?’ ಎಂದು ಕೇಳಿ ಹೋಗುತ್ತಾರೆ. ಈ ಪ್ರಶ್ನೆ ಕೇಳಿದವರಲ್ಲಿ ಒಬ್ಬರೂ ಆ ಒಂದೂವರೆ ತಿಂಗಳಲ್ಲಿ ಒಂದು ಮಧ್ಯಾಹ್ನವಾದರೂ ಗುಂಡನನ್ನು ಹೊರಗೆ ಕರೆದೊಯ್ದವರಲ್ಲ.

ಅವರು ಮತ್ತೊಂದು ನಾಯಿ ಸಾಕಬಹುದೇ ಎಂದು ಈಚೆಗೆ ಕೇಳಿದರು. ಕೆಲಸದ ಅವಧಿ ಹೀಗೆಯೇ ಇರುವವರೆಗೆ ಮರಿಯಂತೂ ಬೇಡ. ವಯಸ್ಸಾದ, ಹಗಲಿನ ಬಹುಪಾಲು ನಿದ್ದೆ ಮಾಡುವ ನಾಯಿಯಾದರೆ, ಅದೂ ನಡುಹಗಲಿಗೆ ಬರುವವರು ಗೊತ್ತಾದ ಮೇಲೆ, ಯೋಚಿಸಬಹುದು, ಆದರೆ ಮೊದಲ ಒಪ್ಪಿಗೆ ನಿಮ್ಮ ತಾಯಿಯದ್ದು ಎಂದೆ. ತಾಯಿ ಇನ್ನೂ ಏನೂ ಹೇಳಿಲ್ಲ.

ಆರು ತಿಂಗಳ ನಂತರದ ಭೇಟಿಯಲ್ಲಿ ಗುಂಡ ಮನೆಯೊಳಗೆ ಬಚ್ಚಿಟ್ಟ ಲವಂಗದ ವಾಸನೆಯ ಬಟ್ಟೆಯನ್ನು ಮೂರು ಕೋಣೆ ಸುತ್ತಿ ಹುಡುಕಿ ತೋರಿಸಿದ. ನನ್ನ ಹಿಮ್ಮಡಿಯನ್ನು ಒಮ್ಮೆ ದಿಟ್ಟಿಸಿ ಚಾಪೆಗೆ ಹೋದ. ಒಡತಿ ಈಗ ತಿಂಗಳಿಗೊಮ್ಮೆ ಹೋಗಿ ನೋಡುತ್ತಾರೆ. ಸೈಕಲ್ ಸಮಸ್ಯೆ ಬಗೆಹರಿದಿಲ್ಲ. ದೂರದಲ್ಲಿ ಸೈಕಲ್ ಕಂಡಾಗಲೇ, ಅವನು ಬೊಗಳುವ ಮುನ್ನವೇ ತಿನಿಸು ಕೊಟ್ಟು, ದಿನದಿಂದ ದಿನಕ್ಕೆ ಅಂತರ ತಗ್ಗಿಸುವ ಅಭ್ಯಾಸ ನಡೆಯುತ್ತಿದೆ. ಮೂವತ್ತು ಹೆಜ್ಜೆಯ ಆಚೆಗಿನ ಸೈಕಲ್ಲನ್ನು ಈಗ ಸಹಿಸುತ್ತಾನೆ, ಅದಕ್ಕಿಂತ ಹತ್ತಿರ ಬಂದರೆ ಇನ್ನೂ ಹಗ್ಗ ಜಗ್ಗುತ್ತಾನೆ. ಮುಂದಿನ ಪರಿಶೀಲನೆ ಅದಕ್ಕೇ ಮೀಸಲು.